ಬದರಿ ಆಚಾರ್ಯರು ಅಮುಕನ ಬೆಲೆ ಕಂಡುಹಿಡಿದದ್ದು

ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರು ಬಾಯಲ್ಲಿ ಏನು ಹೇಳಿಕೊಳ್ಳುತ್ತಾರೆ ಎಂದು ಕಿವಿಗೊಟ್ಟು ಕೇಳುವ ಚಾಳಿ ನನಗಿಲ್ಲ. ಆದರೆ ಎರಡು ವರ್ಷದ ಹಿಂದೆ, ನವರಾತ್ರಿ ಮುಗಿದ ವಾರ, ಕಾಶಿಯ ಕೇದಾರೇಶ್ವರನ ಗುಡಿಯಲ್ಲಿ ನನ್ನ ಮುಂದೆ ಹೋಗುತ್ತಿದ್ದ ಆಚಾರ್ಯರೊಬ್ಬರು ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ಮೇಲೆ ಕೆಳಗೆ ಆಡಿಸುತ್ತ, ವೇದದ ಏರಿಳಿತದಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿದ್ದು ನನ್ನ ಕಾಲು ನಿಂತುಬಿಟ್ಟಿತು.

"ಮಾನಾ ಕಿ ಧಾರಾ ಕೀ ಚಾಲ ಎಕ್ಸ್ ಹೈ. ಧಾರಾ ಕೇ ವಿಪರೀತ ನಾವ್ ಕೀ ಚಾಲ, ಆಠ್ ಮೈನಸ್ ಎಕ್ಸ್..."

ಅದು ಮಂತ್ರವಲ್ಲ, ಹತ್ತನೇ ತರಗತಿಯ ಗಣಿತ. ಹೊಳೆಯ ವೇಗ ಎಕ್ಸ್ ಇರಲಿ, ಹೊಳೆಗೆ ಎದುರಾಗಿ ಹೋಗುವ ದೋಣಿಯ ವೇಗ ಎಂಟರಲ್ಲಿ ಎಕ್ಸ್ ಕಳೆದಷ್ಟು ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ಮೂವತ್ತನಾಲ್ಕು ವರ್ಷ ಹೊಸದುರ್ಗದ ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ಇದೇ ಲೆಕ್ಕ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡವಳು ನಾನು. ಗಂಡ ತೀರಿಹೋದ ಮೇಲೆ, ಇನ್ನು ಈ ಜನ್ಮಕ್ಕೆ ಸೀಮೆಸುಣ್ಣ ಮುಟ್ಟುವುದಿಲ್ಲ ಎಂದು ಕಾಶಿಗೆ ಬಂದು ಶಿವಾಲ ಎಂಬ ಕೇರಿಯಲ್ಲಿ ಒಂದು ಕೋಣೆ ಹಿಡಿದವಳು. ಇಲ್ಲಿಗೂ ಆ ದೋಣಿ ಬೆನ್ನು ಹತ್ತಿ ಬಂದಿತ್ತು.

"ಆಚಾರ್ರೇ, ಇದು ಯಾವ ಸೂಕ್ತ?" ಎಂದು ಕೇಳಿದೆ.

ಅವರು ಕಣ್ಣು ಬಿಟ್ಟು ನಕ್ಕರು. "ಗಣಿತ ಸೂಕ್ತ ಅಮ್ಮಾ! ಮುಂದಿನ ವಾರ ಪರೀಕ್ಷಾ ಅದ. ಗೈಡಿನ್ಯಾಗಿನ ಇನ್ನೂರಾ ಹದಿನಾರು ಲೆಕ್ಕಾ ಕಂಠಸ್ಥ ಆಗ್ಯಾವ. ನೀವು ಪನ್ನಾ ನಂಬರ್ ಹೇಳ್ರಿ, ನಾ ಲೆಕ್ಕಾ ಹೇಳ್ತೀನಿ."

ಬಾಯಿಗೆ ಬಂದದ್ದು ಎಂಬತ್ತನಾಲ್ಕನೇ ಪುಟ ಎಂದೆ. ಒಂದು ಉಸಿರಿಗೆ ಪುಟ ಪೂರ್ತಿ ಒಪ್ಪಿಸಿದರು. ಕೊನೆಯ ಸಾಲಿನಿಂದ ಹಿಂದಕ್ಕೂ ಹೇಳಿದರು. ಗುಡಿಯ ಕಟ್ಟೆಯ ಮೇಲೆ ಕೂತಿದ್ದವರು ಕೈಮುಗಿದರು.

"ಅದ್ಸರಿ, ದೋಣಿ ವೇಗ ಎಂಟರ ಬದ್ಲು ಒಂಬತ್ತು ಅಂತ ಕೊಟ್ರೆ ಏನ್ಮಾಡ್ತೀರಿ?"

"ಒಂಬತ್ತು ಯಾಕ ಇರ್ತದ್ರಿ? ಗೈಡಿನ್ಯಾಗ ಎಂಟೇ ಅದ."

ನಾನು ಗುಡಿ ಎನ್ನುವುದನ್ನೂ ಮರೆತು ಗಟ್ಟಿಯಾಗಿ ನಕ್ಕುಬಿಟ್ಟೆ. ಅವರ ಮುಖ ಚಿಕ್ಕದಾಯಿತು. ನಗಬಾರದಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ಅವರು ಬದರಿ ಆಚಾರ್ಯರು, ಮೂವತ್ತಾರರ ಗಂಡಸು. ಅಜ್ಜ ರಾಯಚೂರು ಸೀಮೆಯಿಂದ ಬಂದು ಕೇದಾರ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ ತರ್ಪಣ ಮಾಡಿಸಲು ನಿಂತವರು. ಮೊಮ್ಮಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಎಂಟನೇ ವಯಸ್ಸಿಗೆ ವೇದ ಪಾಠಶಾಲೆಗೆ ಹಾಕಿದ್ದರಿಂದ ಶಾಲೆಯ ಮುಖ ನೋಡಿದವರಲ್ಲ. ಅಲ್ಲಿ ಹನ್ನೆರಡು ವರ್ಷ ಕೇಳಿದ್ದನ್ನು ಕೇಳಿದ ಹಾಗೆಯೇ ಬಾಯಲ್ಲಿ ಇಟ್ಟುಕೊಳ್ಳುವುದನ್ನು ಕಲಿತರು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅದರಲ್ಲಿ ಅವರನ್ನು ಮೀರಿಸುವವರು ಆ ಘಾಟಿನಲ್ಲಿಯೇ ಇಲ್ಲ.

ಆದರೆ ಘಾಟಿನ ಕೆಲಸಕ್ಕೆ ಅಷ್ಟು ಸಾಲದು. ಓಣಿಯ ಬಾಯಲ್ಲಿ ನಿಂತು, ಬಂದವರ ಸೂಟ್‌ಕೇಸಿನ ಹಿಂದೆ ಓಡಿ, ನಮ್ಮಲ್ಲಿಗೆ ಬನ್ನಿ ಎಂದು ಕರೆಯಬೇಕು. ಬದರಿಗೆ ಕರೆಯಲು ನಾಲಿಗೆಯೇ ಏಳುವುದಿಲ್ಲ. ಬಂಗಾಲಿ ಟೋಲಾ ಕೇರಿಯ ಹತ್ತಿರದ ಒಂದು ಸಣ್ಣ ಪಾಠಶಾಲೆಯಲ್ಲಿ ಮೂರು ವರ್ಷದಿಂದ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದರು. ಅಲ್ಲಿ ಕೂತಾಗ ಮಾತ್ರ ಮನುಷ್ಯ ಅರಳುತ್ತಿದ್ದರು. ಅಲ್ಲಿನ ಹಿರಿಯರಾದ ವಿಷ್ಣುತೀರ್ಥಾಚಾರ್ಯರಿಗೂ ಇವರೇ ಉಳಿಯಲಿ ಎಂಬ ಆಸೆ. ಆದರೆ ಪಾಠಶಾಲೆಯ ಸಮಿತಿ ಹೊಸ ನಿಯಮ ತಂದಿತು. ಖಾಯಂ ಆಗಬೇಕಾದರೆ ಗಣಿತವೂ ಸೇರಿ ಹತ್ತನೇ ತರಗತಿ ಪಾಸಾಗಿರಬೇಕು, ಅದೂ ಬರುವ ಜೂನ್ ಮುಗಿಯುವುದರೊಳಗೆ. ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಬದರಿ ಮನೆಯಲ್ಲಿಯೇ ಓದಿ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಉಳಿದ ವಿಷಯಗಳನ್ನೆಲ್ಲ ಮುಗಿಸಿದ್ದರು. ಗಣಿತದಲ್ಲಿ ಆಗಲೇ ಮೂರು ಸಲ ಮುಗ್ಗರಿಸಿದ್ದರು.

ಡಿಸೆಂಬರಿನಲ್ಲಿ ಆ ನಾಲ್ಕನೇ ಸಲದ ಫಲಿತಾಂಶವೂ ಬಂತು. ನೂರಕ್ಕೆ ಒಂಬತ್ತು.

ಮರುದಿನ ಅವರ ಹೆಂಡತಿ ಶ್ಯಾಮಲಾ ನನ್ನ ಕೋಣೆಗೆ ಬಂದಳು. ಹಿಂದೆ ಬದರಿ, ಅವರ ಹಿಂದೆ ಎಂಟನೇ ತರಗತಿಯ ಮಗಳು ಶ್ರೀಜಾ. "ಅವತ್ತು ಗುಡಿಯೊಳಗ ನೀವು ನಕ್ಕಿರಂತಲ್ರಿ ಅಮ್ಮಾ," ಎಂದಳು ಶ್ಯಾಮಲಾ, ಕೂರುವುದಕ್ಕೂ ಮುಂಚೆ. "ಯಾಕ ನಕ್ಕಿರಿ ಅಂತ ಇವರಿಗೆ ತಿಳಿಸಿ ಹೇಳ್ರಿ. ಎಪ್ರಿಲ್ ಪರೀಕ್ಷಾ ಒಂದೇ ಉಳದದ."

ನಾನು ಪ್ರಶ್ನೆಪತ್ರಿಕೆ ಕೇಳಿದೆ. ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ ಒಂಬತ್ತು ಕಿಲೋಮೀಟರ್. ಹನ್ನೆರಡು ಕಿಲೋಮೀಟರ್ ಹೊಳೆಗೆ ಎದುರಾಗಿ ಹೋಗಿ ವಾಪಸ್ಸು ಬರಲು ಒಟ್ಟು ಮೂರು ಗಂಟೆ. ಹಾಗಾದರೆ ಹೊಳೆಯ ವೇಗವೆಷ್ಟು? ಬದರಿ ಏನು ಬರೆದಿದ್ದರು ಗೊತ್ತೇ? ಗೈಡಿನ ಎಂಟು, ಗೈಡಿನ ಹದಿನೈದು ಕಿಲೋಮೀಟರ್, ಗೈಡಿನ ನಾಲ್ಕು ಗಂಟೆ. ಉತ್ತರ ಎರಡು.

"ಒಂದು ಹೆಜ್ಜೆನೂ ಬಿಟ್ಟಿಲ್ರಿ," ಎಂದರು ಬದರಿ. ದನಿಯಲ್ಲಿ ನಿಜವಾದ ನೋವಿತ್ತು. ತನಗೆ ಅನ್ಯಾಯವಾಗಿದೆ ಎಂದೇ ಅವರು ನಂಬಿದ್ದರು.

ಕಾಶಿಗೆ ಬಂದದ್ದು ವಿಶ್ವನಾಥನ ಪಾದ ಸೇರುವುದಕ್ಕೆ, ಇನ್ನೊಬ್ಬರ ತಲೆಗೆ ಬೀಜಗಣಿತ ತುಂಬುವುದಕ್ಕಲ್ಲ ಎಂದು ಹೇಳಿ ಕಳಿಸಿಬಿಡಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆಯೇ. "ನಾಳೆಯಿಂದ ಮಧ್ಯಾಹ್ನ ಎರಡು ಗಂಟೆಗೆ ಬನ್ನಿ. ಆ ಗೈಡನ್ನ ಮನೇಲೇ ಬಿಟ್ಟು ಬನ್ನಿ."

ಪಾಠ ನಡೆದದ್ದು ನಮ್ಮ ಮನೆಯ ಮಾಳಿಗೆಯ ಮೇಲೆ, ಚಪ್ಪಡಿ ಕಲ್ಲಿನ ನೆಲವೇ ಕಪ್ಪುಹಲಗೆ. ಕೋತಿಗಳನ್ನು ಓಡಿಸಲು ಪಕ್ಕದಲ್ಲಿ ಒಂದು ಕೋಲು. ಒಂದು ವಿಷಯ ಮೊದಲೇ ಇತ್ಯರ್ಥ ಮಾಡಿಕೊಂಡೆವು. ಬೆಳಿಗ್ಗೆ ಘಾಟಿನಲ್ಲಿ ಸಿಕ್ಕಾಗ ಅವರು ಆಚಾರ್ಯರು, ನಾನು 'ನೀವು' ಎನ್ನುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಬರೀ ಬದರಿ, ನಾನು 'ನೀನು' ಎನ್ನುತ್ತೇನೆ. ಅವರೇ ಒಪ್ಪಿಕೊಂಡದ್ದು. ಹಾಗಾಗಿ ಇನ್ನು ಮುಂದೆ ಇಲ್ಲಿಯೂ ಅವನೆಂದೇ ಬರೆಯುತ್ತೇನೆ.

ಮೊದಲ ತಿಂಗಳು ನಾವಿಬ್ಬರೂ ಸೋತೆವು. ನಾನು ಹೇಳಿದ್ದನ್ನು ಅವನು ನನಗೇ ತಿರುಗಿ ಒಪ್ಪಿಸುತ್ತಿದ್ದ, ನನ್ನ ಕೆಮ್ಮೊಂದನ್ನು ಬಿಟ್ಟು. ಎಕ್ಸ್ ಅಂದರೆ ಯಾವುದೋ ಒಂದು ಸಂಖ್ಯೆ, ಇನ್ನೂ ಗೊತ್ತಿಲ್ಲ ಎಂದರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಗೊತ್ತಿಲ್ಲದ್ದನ್ನ ಹ್ಯಾಂಗ ಬರೀಲಿ ಅಮ್ಮಾ? ಅದಕ್ಕ ಕೂಡ್ಸು, ಕಳಿ ಅಂತೀರಿ. ಇಲ್ಲದ್ದನ್ನ ಅದ ಅಂದಂಗ ಆಗ್ತದಲ್ಲ."

"ಇಟ್ಕೊಳ್ಳೋದು ಕಣೋ! ಇರ್ಲಿ ಅಂತ ಇಟ್ಕೊಳ್ಳೋದು!"

"ಯಾಕ ಇಟ್ಕೋಬೇಕು?"

ಒಂದು ಮಧ್ಯಾಹ್ನ ನನ್ನ ತಾಳ್ಮೆ ಕೆಟ್ಟಿತು. ಸೀಮೆಸುಣ್ಣ ಅವನ ಕಡೆ ಎಸೆದು, ನಿನ್ನಷ್ಟು ದಡ್ಡನನ್ನು ಮೂವತ್ತನಾಲ್ಕು ವರ್ಷದಲ್ಲಿ ಕಂಡಿಲ್ಲ, ನಾಳೆಯಿಂದ ಬರಬೇಡ ಎಂದು ಕೂಗಿದೆ. ಶ್ರೀಜಾ ಅಲ್ಲಿಯೇ ಕೂತಿದ್ದಳು. ಅಪ್ಪ ಬೈಸಿಕೊಳ್ಳುವುದನ್ನು ಮಗಳು ನೋಡಿದಳು. ಅವನು ಸುಣ್ಣದ ತುಂಡು ಎತ್ತಿ ನನ್ನ ಪಕ್ಕ ಇಟ್ಟು ಇಳಿದುಹೋದ. ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಮರುದಿನ ಎರಡು ಗಂಟೆಗೆ ಸರಿಯಾಗಿ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸಪ್ಪಳ ಕೇಳಿದಾಗ ಆದ ಸಂತೋಷವನ್ನು ತೋರಿಸಿಕೊಳ್ಳದೆ, "ಯಾಕೆ ತಡ?" ಎಂದೆ.

ಮಾಘಮಾಸದಲ್ಲಿ ನನ್ನ ಯಜಮಾನರ ತಿಥಿ ಬಂತು. ನಮಗೆ ಮಕ್ಕಳಿಲ್ಲ. ಆದ್ದರಿಂದ ನನ್ನ ಕೈಯಿಂದ ದರ್ಭೆ ತೆಗೆದುಕೊಂಡು ನನ್ನ ಪರವಾಗಿ ಬದರಿಯೇ ಶ್ರಾದ್ಧ ಮಾಡುವ ಏರ್ಪಾಡು. ಕೇದಾರ ಘಾಟಿನ ಮೆಟ್ಟಿಲ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನದಿ ಕಾಣಿಸುತ್ತಿರಲಿಲ್ಲ, ದೋಣಿಯವರ ಮಾತು ಮಾತ್ರ ಕೇಳುತ್ತಿತ್ತು. ಅವರ ಮನೆಯ ಪದ್ಧತಿಯಂತೆ ಬದರಿ ತನ್ನ ಅಜ್ಜನ ಕೈಬರಹದ ಪ್ರಯೋಗದ ಪುಸ್ತಕವನ್ನು ಮುಂದೆ ತೆರೆದಿಟ್ಟಿದ್ದ. ಯಾವ ಕರ್ಮದಲ್ಲಿ ಯಾವುದರ ಹಿಂದೆ ಯಾವುದು ಎಂದು ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟ ಪುಸ್ತಕ. ಅವನು ಅದನ್ನು ನೋಡುವುದಿಲ್ಲ, ಎಲ್ಲ ಬಾಯಲ್ಲಿಯೇ ಇದೆ. ನೋಡಿದವಳು ನಾನು.

ಪುಸ್ತಕದಲ್ಲಿ 'ಅಮುಕಗೋತ್ರಸ್ಯ ಅಮುಕಶರ್ಮಣಃ' ಎಂದಿತ್ತು. ಅವನ ಬಾಯಿ 'ಕಾಶ್ಯಪಗೋತ್ರಸ್ಯ ನರಸಿಂಹಶರ್ಮಣಃ' ಎನ್ನುತ್ತಿತ್ತು. ನರಸಿಂಹ ನನ್ನ ಗಂಡನ ಹೆಸರು. ಆ ಹೊತ್ತಿನಲ್ಲಿ ನಾನು ಅವರನ್ನು ನೆನೆಯಬೇಕಾಗಿತ್ತು. ನೆನೆದದ್ದು ಬೀಜಗಣಿತವನ್ನು. ಅವರಿದ್ದಿದ್ದರೆ, ನೀನು ಸುಧಾರಿಸುವವಳಲ್ಲ ಬಿಡು ಎಂದು ನಕ್ಕಿರುತ್ತಿದ್ದರು.

ಕರ್ಮ ಮುಗಿದು ಪಿಂಡ ನೀರಿಗೆ ಬಿಟ್ಟ ಮೇಲೆ ಕೇಳಿದೆ. "ಆಚಾರ್ರೇ, ಈ ಅಮುಕ ಅಂದ್ರೆ ಯಾರು?"

ಅವನು ನಕ್ಕ. "ಯಾರೂ ಅಲ್ರಿ. ಬಂದವರ ಗೋತ್ರ, ಬಂದವರ ಹೆಸರು ಅಲ್ಲಿ ತುಂಬಬೇಕು ಅಂತ ಗುರುತು. ನಾ ಹದಿನಾರು ವರ್ಷದವ ಇದ್ದಾಗ ಮೊದಲನೇ ಸಲ ಒಬ್ಬನೇ ಕೂತು ಮಾಡ್ಸಿದ್ದೆ. ಹುಬ್ಬಳ್ಳಿ ಮಂದಿ. ಮೂರೂ ಪಿಂಡಕ್ಕ ಅಮುಕಗೋತ್ರಸ್ಯ, ಅಮುಕಗೋತ್ರಸ್ಯ ಅಂತ ಪುಸ್ತಕದಾಗ ಇದ್ದಂಗೇ ಅಂದುಬಿಟ್ಟೆ. ಎಲ್ಲಾ ಮುಗದ ಮ್ಯಾಲೆ ಆ ಯಜಮಾನ್ರು, ಆಚಾರ್ರ, ಅಮುಕ ಯಾರು, ನಮ್ಮಪ್ಪನ ಹೆಸರು ಗುರುರಾಜ ಅಂದ್ರು. ಅಜ್ಜ ನನ್ನ ಕಿವಿ ಹಿಂಡಿ ಮೊದಲಿಂದ ಮಾಡ್ಸಿದ. ಆ ಮೂರು ಪಿಂಡ ಯಾರಿಗೆ ಮುಟ್ಟಿದ್ವೋ ಇವತ್ತಿಗೂ ಗೊತ್ತಿಲ್ಲ."

"ಈಗ ಹಾಗೆ ಹೇಳ್ತೀರಾ?"

"ಹುಚ್ಚೇನ್ರಿ? ಯಾರು ಕೂತಾರ ನೋಡಿ ಹೇಳ್ತೀನಿ."

"ಮತ್ತೆ ಪರೀಕ್ಷೇಲಿ ಯಾಕೆ ಹಾಗೆ ಮಾಡಿದ್ರಿ? ಮುಂದೆ ಕೂತಿದ್ದವನು ಒಂಬತ್ತು. ನೀವು ಗೈಡಿನ ಎಂಟಕ್ಕೆ ಪಿಂಡ ಇಟ್ಟು ಬಂದ್ರಿ."

ಬದರಿ ತಾಮ್ರದ ತಂಬಿಗೆ ಹಿಡಿದುಕೊಂಡು ನಿಂತ. ನೀರು ಸಣ್ಣಗೆ ಕಾಲ ಮೇಲೆ ಸುರಿಯುತ್ತಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

"ಗೈಡ್ ಅಂದ್ರ ಪ್ರಯೋಗದ ಪುಸ್ತಕ," ಎಂದ ನಿಧಾನವಾಗಿ. "ಎಂಟು ಅಮುಕ. ಹದಿನೈದು ಅಮುಕ. ನಾಕು ತಾಸು ಅದೂ ಅಮುಕ."

"ಎಕ್ಸೂ ಅಮುಕನೇ."

"ಅಲ್ಲ, ತಡೀರಿ. ಎಕ್ಸ್ ಬ್ಯಾರೇ. ಎಂಟು, ಹದಿನೈದು, ಇವು ಮೊದಲೇ ಹೆಸರು ಹೇಳಿ ಕೂಡ್ತಾವ. ಎಕ್ಸ್ ಹೆಸರು ಹೇಳದೇ ಬಂದು ಕೂತಾನ. ಪೂರಾ ಕರ್ಮ ಮಾಡ್ಸಿದ ಮ್ಯಾಲೆ ಅವನ ಹೆಸರು ತಿಳೀತದ." ಆಮೇಲೆ ಇದ್ದಕ್ಕಿದ್ದಂತೆ ನನ್ನ ಮೇಲೆಯೇ ರೇಗಿದ. "ಇದನ್ನ ಮೊದಲೇ ಹೇಳಬಾರದೇನ್ರಿ? ಒಂದು ತಿಂಗಳು ಸುಮ್ನ ಬೈಸಿಕೊಂಡೆ!"

ನನಗೂ ಮೊದಲೇ ಗೊತ್ತಿರಲಿಲ್ಲ. ಹೆಸರು ಹೇಳದೆ ಬಂದು ಕೂತವನು ಎಂದು ಎಕ್ಸ್‌ಗೆ ಅಷ್ಟು ಚೆಂದದ ವಿವರಣೆ ಯಾವ ತರಬೇತಿಯಲ್ಲೂ ನನಗೆ ಯಾರೂ ಕೊಟ್ಟಿರಲಿಲ್ಲ.

ಆ ಮಧ್ಯಾಹ್ನ ನಾನು ಒಂದೇ ಲೆಕ್ಕ ಕೊಟ್ಟೆ. ಒಂಬತ್ತು, ಹನ್ನೆರಡು, ಮೂರು. ಬದರಿ ಈ ಸಲ ಕಣ್ಣು ಮುಚ್ಚಲಿಲ್ಲ. ಚಪ್ಪಡಿಯ ಮೇಲೆ ದೋಣಿಯ ಗುರುತು ಹಾಕಿದ. ಎದುರಾಗಿ ಹೋಗುವಾಗ ವೇಗ ಒಂಬತ್ತು ಮೈನಸ್ ಎಕ್ಸ್. ಇಳಿದು ಬರುವಾಗ ಒಂಬತ್ತು ಪ್ಲಸ್ ಎಕ್ಸ್. ಹನ್ನೆರಡನ್ನು ಮೊದಲನೆಯದರಿಂದ ಭಾಗಿಸಿದರೆ ಹೋಗುವ ಹೊತ್ತು, ಎರಡನೆಯದರಿಂದ ಭಾಗಿಸಿದರೆ ಬರುವ ಹೊತ್ತು, ಎರಡೂ ಕೂಡಿದರೆ ಮೂರು. ಛೇದಗಳನ್ನು ಗುಣಿಸಿದ. ಮೇಲಿನ ಎಕ್ಸ್‌ಗಳು ಒಂದು ಕೂಡುವುದು, ಒಂದು ಕಳೆಯುವುದು, ಎರಡೂ ಹೊಡೆದುಹೋದವು. ಇನ್ನೂರ ಹದಿನಾರು ಉಳಿಯಿತು. ಅದು ಎಂಬತ್ತೊಂದರಲ್ಲಿ ಎಕ್ಸ್ ವರ್ಗ ಕಳೆದು ಮೂರರಿಂದ ಗುಣಿಸಿದ್ದಕ್ಕೆ ಸಮ. ಮೂರರಿಂದ ಭಾಗಿಸಿದರೆ ಎಪ್ಪತ್ತೆರಡು. ಎಂಬತ್ತೊಂದರಲ್ಲಿ ಎಪ್ಪತ್ತೆರಡು ಹೋದರೆ ಒಂಬತ್ತು. ಎಕ್ಸ್ ವರ್ಗ ಒಂಬತ್ತು.

"ಮೂರು!" ಎಂದು ಕೂಗಿದ. ಪಕ್ಕದ ಮಾಳಿಗೆಯ ಕೋತಿಗಳು ಎದ್ದು ಓಡಿದವು. ಹೋಗುವಾಗ ಎರಡು ಗಂಟೆ, ಬರುವಾಗ ಒಂದು ಗಂಟೆ ಎಂದು ತಾಳೆ ನೋಡಿದ. ಮತ್ತೊಮ್ಮೆ ನೋಡಿದ. ತಾನು ಬಾಯಿಪಾಠ ಮಾಡದ ಒಂದು ಉತ್ತರ ತನ್ನ ಕೈಯಿಂದಲೇ ಬಂತು ಎನ್ನುವುದನ್ನು ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮೈನಸ್ ಮೂರೂ ಬರುತ್ತೆ," ಎಂದೆ. "ವೇಗ ಮೈನಸ್ ಆಗೋದಿಲ್ಲ. ಅದನ್ನ ತಿರಸ್ಕರಿಸು."

"ಯಾಕ್ರಿ? ಒಂದೇ ವಿಧಿಯಿಂದ ಎರಡು ಬಂದಾವ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಹೊರಗ ಹಾಕೋದು ಹ್ಯಾಂಗ?"

ಹಾಗೆಯೇ ರೂಢಿ ಎಂದು ಹೇಳಿ ಬಾಯಿ ಮುಚ್ಚಿಸಿದೆ. ರೂಢಿ ಎಂದರೆ ಸುಮ್ಮನಾಗುವ ಜಾತಿ ಅವನದು ಎಂದುಕೊಂಡಿದ್ದೆ. ಮರುದಿನ ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದ.

"ಅಮ್ಮಾ, ಇಲ್ಲಿ ಬರ್ರಿ. ನದೀ ನೋಡ್ರಿ." ಅವತ್ತು ಮಂಜು ಕರಗಿ ಬಿಸಿಲಿತ್ತು. "ದೋಣಿ ಇಲ್ಲಿಂದ ರಾಮನಗರದ ಕಡೀಗೆ ಹೋದ್ರ ಧಾರಾಕ್ಕ ವಿಪರೀತ. ತಿರುಗಿ ಬರಬೇಕಾದ್ರ ಧಾರಾದ ಜೋಡಿ. ಈಗ ನದೀನೇ ತಿರುಗಿ ಹರದಳು ಅಂತ ಇಟ್ಕೋರಿ. ಹೋಗೋದು ಹಗುರ ಆತು, ಬರೋದು ತ್ರಾಸ ಆತು. ಒಟ್ಟು ಅದೇ ಮೂರು ತಾಸು! ಮೈನಸ್ ಮೂರು ಅಂದ್ರ ಅದೇ ವೇಗ, ದಿಕ್ಕು ಬ್ಯಾರೇ. ಗಂಗಾ ಹಿಮಾಲಯದಿಂದ ದಕ್ಷಿಣಕ್ಕ ಬರ್ತಾಳ, ಕಾಶಿಯೊಳಗ ಉತ್ತರಕ್ಕ ತಿರುಗ್ತಾಳ. ತಿರುಗಿದ್ಲು ಅಂತ ಅಕಿ ಗಂಗಾ ಅಲ್ಲೇನು? ಲೆಕ್ಕಾ ಸುಳ್ಳು ಹೇಳಿಲ್ರಿ. ನಾವು ದಿಕ್ಕು ಕೇಳೇ ಇಲ್ಲ."

ನಾನು ಪ್ಯಾರಪೆಟ್ಟು ಹಿಡಿದುಕೊಂಡು ನಿಂತೆ. ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೆ, ವೇಗ ಋಣವಾಗಲಾರದು, ತಿರಸ್ಕರಿಸಿ ಎಂದು! ಒಂದು ದಿನವಾದರೂ ಆ ಎರಡನೇ ಉತ್ತರ ಎಲ್ಲಿಂದ ಬಂತು, ಏನು ಹೇಳಲು ಬಂತು ಎಂದು ನಾನು ಕೇಳಿಕೊಂಡಿರಲಿಲ್ಲ. ಗೈಡು ಬಾಯಿಪಾಠ ಮಾಡಿದ್ದಾನೆಂದು ಯಾರನ್ನು ಗೇಲಿ ಮಾಡಿದ್ದೆನೋ ಅವನು ಕೇಳಿದ. ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಎರಡನ್ನೂ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

"ಬದರಿ, ನೀನು ಹೇಳಿದ್ದು ಸರಿ," ಎಂದೆ. "ನನಗೆ ಗೊತ್ತಿರಲಿಲ್ಲ. ಪರೀಕ್ಷೇಲಿ ಮಾತ್ರ ಮೂರು ಅಂತ್ಲೇ ಬರಿ. ಕೇಳಿದ್ದು ವೇಗ, ದಿಕ್ಕಲ್ಲ ಅಂತ ಕಾರಣ ಕೊಡು."

ಅಲ್ಲಿಂದ ಮುಂದೆ ಅವನನ್ನು ತಡೆಯುವವರಿರಲಿಲ್ಲ. ಗೋಪುರದ ನೆರಳು, ಶಂಕುವಿನ ಗಾತ್ರ, ಸಮಾಂತರ ಶ್ರೇಢಿ, ಯಾವುದನ್ನು ಕೊಟ್ಟರೂ ಮೊದಲು ಯಾರ್ಯಾರು ಹೆಸರು ಹೇಳಿ ಕೂತಿದ್ದಾರೆ, ಯಾರು ಹೇಳದೆ ಕೂತಿದ್ದಾರೆ ಎಂದು ಎರಡು ಪಟ್ಟಿ ಬರೆಯುತ್ತಿದ್ದ. ಹೆಜ್ಜೆ ಬಿಡುವ ಅಭ್ಯಾಸ ಅವನಿಗೆ ಹುಟ್ಟಿನಿಂದಲೇ ಇಲ್ಲ. ನಮ್ಮ ಊರಿನ ಹುಡುಗರಿಗೆ ಹಂತ ಬರೆಸುವುದರಲ್ಲಿ ನನ್ನ ಅರ್ಧ ಆಯಸ್ಸು ಹೋಯಿತು. ಇವನು ಮಾತ್ರ ಸಮ ಚಿಹ್ನೆಗಳನ್ನು ಒಂದರ ಕೆಳಗೊಂದು ನೂಲು ಹಿಡಿದಂತೆ ಬರೆಯುತ್ತಿದ್ದ. ಭಾಗಾಕಾರದಲ್ಲಿ ತಪ್ಪುತ್ತಿದ್ದ. ಬಹಳ ತಪ್ಪುತ್ತಿದ್ದ. ಅದಕ್ಕೆ ಶ್ರೀಜಾ ಕಾವಲು ಕೂತಳು. "ಅಪ್ಪಾ, ಫಿರ್ ಸೇ!" ಎಂದು ಅವಳು ಗದರಿದರೆ ಅಳಿಸಿ ಮತ್ತೆ ಮಾಡುತ್ತಿದ್ದ. ಮಗಳ ಮುಂದೆ ನಾನು ಕಳೆದ ಅವನ ಮಾನವನ್ನು ಅವನೇ ಹೀಗೆ ದಿನಕ್ಕಿಷ್ಟು ವಾಪಸ್ಸು ಗಳಿಸಿಕೊಂಡ.

ಏಪ್ರಿಲಿನ ಪರೀಕ್ಷೆಯ ದಿನ ಬೆಳಿಗ್ಗೆಯೇ ಬಿಸಿಗಾಳಿ. ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಹಿಡಿದು ನಾನು, ಶ್ಯಾಮಲಾ ಇಬ್ಬರೂ ಜೊತೆಗೆ ಹೋದೆವು. ಪಂಚೆ, ಶಲ್ಯ, ಹಣೆಯ ಅಂಗಾರ ಅಕ್ಷತೆಯ ಬದರಿ ಕೋಣೆಯೊಳಗೆ ಕಾಲಿಟ್ಟದ್ದೇ ತಡ, ಮೇಲ್ವಿಚಾರಕರು ಬಂದರೆಂದು ಹದಿನಾರರ ಮಕ್ಕಳೆಲ್ಲ ಎದ್ದು ನಿಂತವಂತೆ. ಇವನು ಆಶೀರ್ವಾದ ಮಾಡಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತನಂತೆ.

ಮೂರು ಗಂಟೆ ನಾವು ಗೇಟಿನ ಹೊರಗೆ ಬೇವಿನ ನೆರಳಲ್ಲಿ ಕೂತೆವು. ಎಲ್ಲ ಮಕ್ಕಳೂ ಹೊರಬಂದ ಮೇಲೆ ಕೊನೆಗೆ ಬದರಿ ಬಂದ, ಶಲ್ಯದ ತುದಿಗೆ ಶಾಯಿ ಮೆತ್ತಿಕೊಂಡಿತ್ತು. ನೀರು ಕೂಡ ಕುಡಿಯದೆ ಹೇಳಲು ಶುರುಮಾಡಿದ.

"ಗೈಡಿನ್ಯಾಗ ಇಲ್ಲದ್ದು ಒಂದು ಬಂದಿತ್ತು ಅಮ್ಮಾ. ಎರಡು ನಳ ಕೂಡಿ ಆರು ತಾಸಿನ್ಯಾಗ ಟಾಕಿ ತುಂಬ್ತಾವ. ದೊಡ್ಡ ನಳಕ್ಕ ಸಣ್ಣ ನಳಕ್ಕಿಂತ ಐದು ತಾಸು ಕಡಿಮಿ ಸಾಕು. ಒಂದೊಂದಕ್ಕ ಎಷ್ಟು ಹೊತ್ತು? ಸಣ್ಣದಕ್ಕ ಎಕ್ಸ್ ಇಟ್ಟೆ. ಎರಡು ಉತ್ತರ ಬಂದ್ವು, ಒಂದು ಹದಿನೈದು, ಇನ್ನೊಂದು ಎರಡು."

"ಎರಡನ್ನೂ ಬರೆದ್ಯಾ?" ದೋಣಿಯ ವಾದವನ್ನು ಇಲ್ಲಿಗೂ ತಂದುಬಿಟ್ಟನೇ ಎಂದು ಭಯವಾಯಿತು.

"ಇಲ್ರಿ! ಇಲ್ಲಿ ಬಿಡಲೇಬೇಕು. ಎರಡರಾಗ ಐದು ಹೋದ್ರ ದೊಡ್ಡ ನಳಕ್ಕ ಮೈನಸ್ ಮೂರು. ನಳಾ ತಿರುವೋದಕ್ಕಿಂತ ಮೂರು ತಾಸು ಮೊದಲೇ ಟಾಕಿ ತುಂಬಿರ್ತದೇನು? ಇದಕ್ಕ ದಿಕ್ಕಿಲ್ಲ. ಹದಿನೈದು, ಹತ್ತು ಅಂತ ಬರದೆ, ಇದರ ಕಾರಣಾನೂ ಬರದೆ."

ನಾನು ಅಲ್ಲಿಯೇ ಮನಸ್ಸಿನಲ್ಲಿ ತಾಳೆ ನೋಡಿದೆ. ಹದಿನೈದರಲ್ಲಿ ಒಂದು, ಹತ್ತರಲ್ಲಿ ಒಂದು, ಕೂಡಿದರೆ ಆರರಲ್ಲಿ ಒಂದು. ಸರಿಯಾಗಿತ್ತು. ಶ್ಯಾಮಲಾ ನಮ್ಮ ಮಾತು ಒಂದೂ ಅರ್ಥವಾಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸರಿ ಇದೆ ಎಂದು ತಲೆಯಾಡಿಸಿದೆ. ಅವಳು ಅತ್ತುಬಿಟ್ಟಳು.

ಫಲಿತಾಂಶ ಜೂನ್ ಮೂರನೇ ವಾರ ಬಂತು, ಸಮಿತಿಯ ಗಡುವಿಗೆ ಹತ್ತು ದಿನ ಮುಂಚೆ. ಅವರ ಮನೆಯ ನಡುಮನೆಯಲ್ಲಿ ಶ್ರೀಜಾ ಮೊಬೈಲು ಹಿಡಿದು ಕೂತಿದ್ದಳು. ವಿಷ್ಣುತೀರ್ಥಾಚಾರ್ಯರೂ ಬಂದು ಗೋಡೆಗೊರಗಿದ್ದರು. ಎರಡು ಸಲ ನೆಟ್ ಹೋಯಿತು. ಮೂರನೇ ಸಲ ಹುಡುಗಿ ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡು, ಎದ್ದು ಹೋಗಿ ಅಪ್ಪನ ಕುತ್ತಿಗೆಗೆ ಬಿದ್ದಳು.

"ಚೌಹತ್ತರ್, ಅಪ್ಪಾ! ಎಪ್ಪತ್ತ... ನಾಕು!"

ನಾನು ಕೂಗಿದ ಕೂಗು ಬಂಗಾಲಿ ಟೋಲಾದವರೆಗೆ ಕೇಳಿಸಿತಂತೆ. ಎಪ್ಪತ್ತೊಂದರ ವಿಧವೆ ಹಾಗೆ ಕೂಗಬಾರದು ಎಂದು ಕೆಳಗಿನ ಮನೆಯವರು ಆಮೇಲೆ ಅಂದರು. ಅನ್ನಲಿ. ಒಂಬತ್ತರಿಂದ ಎಪ್ಪತ್ತನಾಲ್ಕು! ನನ್ನ ಇಡೀ ನೌಕರಿಯಲ್ಲಿ ನೂರಕ್ಕೆ ನೂರು ತೆಗೆದವರಿದ್ದಾರೆ. ಅವರ ಯಾರ ಅಂಕಕ್ಕೂ ನಾನು ಹೀಗೆ ಕುಣಿದಿಲ್ಲ. ವಿಷ್ಣುತೀರ್ಥಾಚಾರ್ಯರು ಬದರಿಯ ತಲೆಯ ಮೇಲೆ ಕೈಯಿಟ್ಟು, "ನಾಳಿಂದ ನೀ ಖಾಯಂ. ಕಾಗದ ನಾ ಬರಸ್ತೀನಿ. ಇನ್ನ ಓಣಿ ಬಾಯಾಗ ನಿಂದ್ರೋದು ಸಾಕು," ಎಂದರು. ಶ್ಯಾಮಲಾ ಲಾಡು ತರಿಸಿದಳು. ಅಕ್ಕಪಕ್ಕದ ಮನೆಯವರು ಬಂದರು, ಹೋದರು.

ಇಷ್ಟೆಲ್ಲ ಗದ್ದಲದಲ್ಲಿ ಬದರಿ ಒಬ್ಬನ ದನಿಯೇ ಇಲ್ಲ. ನೋಡಿದರೆ ಮೂಲೆಯಲ್ಲಿ ಕೂತು ಮಗಳ ಮೊಬೈಲಿನಲ್ಲಿ ಅಂಕಪಟ್ಟಿಯನ್ನು ದೊಡ್ಡದು ಮಾಡಿ ನೋಡುತ್ತಿದ್ದ. ಹತ್ತಿರ ಹೋಗಿ ಕೂತೆ. ಹುಬ್ಬು ಗಂಟಿಕ್ಕಿತ್ತು.

"ಅಮ್ಮಾ, ಇದು ನೂರಕ್ಕ ಎಪ್ಪತ್ನಾಕು ಅಲ್ಲ?"

"ಹೌದಪ್ಪ. ಪಾಸಾಗೋದಕ್ಕೆ ಮೂವತ್ತಮೂರು ಸಾಕಾಗಿತ್ತು."

"ಅದಿರ್ಲಿ. ನಾ ಎಲ್ಲಾ ಲೆಕ್ಕಾ ಮಾಡೀನಿ. ಉಳದ ಇಪ್ಪತ್ತಾರು ಎಲ್ಲಿ ಹೋದ್ವು?"

ಮೂವತ್ತಮೂರಕ್ಕಾಗಿ ನಾಲ್ಕು ಸಲ ಹಣೆ ಚಚ್ಚಿಕೊಂಡಿದ್ದವನು ಕೇಳುವ ಪ್ರಶ್ನೆಯೇ ಇದು? ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಪ್ರಶ್ನೆಪತ್ರಿಕೆ ಎಲ್ಲಿ ಎಂದೆ. ಅದು ಅವನ ಸೊಂಟದಲ್ಲಿಯೇ ಇತ್ತು, ಮಡಿಚಿ ಮಡಿಚಿ ಮೆತ್ತಗಾಗಿತ್ತು. ಶ್ಯಾಮಲಾ ಲಾಡಿನ ತಟ್ಟೆಯನ್ನು ಆಚೆ ಸರಿಸಿ ಜಾಗ ಮಾಡಿಕೊಟ್ಟಳು. ಬಂದವರು ಬರುತ್ತಲೇ ಇದ್ದರು, ನಾವಿಬ್ಬರೂ ನೆಲದ ಮೇಲೆ ಕಾಗದ ಹರಡಿಕೊಂಡು ಒಂದನೇ ಪ್ರಶ್ನೆಯಿಂದ ಶುರುಮಾಡಿದೆವು.